ಭಾನಾಮತಿ ಕಾಟ: ದೆವ್ವ ಹುಡುಕುವ ಮೊದಲು ಮನೆಯಲ್ಲಿ ನೊಂದವರು ಯಾರೆಂದು ನೋಡಿ

ಮನೆಯ ಮೇಲೆ ಎಲ್ಲಿಂದಲೋ ಕಲ್ಲು ಬೀಳುತ್ತವೆ. ಒಣಹಾಕಿದ ಸೀರೆಗೆ ಬೆಂಕಿ ಹತ್ತುತ್ತದೆ. ಹಿಟ್ಟಿನ ಡಬ್ಬಿಯಲ್ಲಿ ಮಣ್ಣು ಸಿಗುತ್ತದೆ. ಮೈಮೇಲೆ ಕಪ್ಪು ಗುರುತುಗಳು ಮೂಡುತ್ತವೆ. ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ನಾಯಿಯಂತೆ ಬೊಗಳತೊಡಗುತ್ತಾಳೆ. ಬೀದರ್, ಭಾಲ್ಕಿ, ಔರಾದ್ ಕಡೆ ಇದಕ್ಕೆಲ್ಲ ಒಂದೇ ಹೆಸರು: ಭಾನಾಮತಿ. ‘ಯಾರೋ ಮಾಡಿಸ್ಯಾರ’ ಎಂಬ ಮಾತು ಹಿಂದೆ ಓಣಿಯಿಂದ ಓಣಿಗೆ ಹಬ್ಬುತ್ತಿತ್ತು. ಈಗ ಅದಕ್ಕೆ ಒಂದು ವಾಟ್ಸಾಪ್ ವಿಡಿಯೊ ಸಾಕು.

ಇಂಥ ವಿಡಿಯೊ ಬಂದಾಗ ‘ದೆವ್ವ ಇದೆಯೋ ಇಲ್ಲವೋ’ ಎಂದು ಗ್ರೂಪಿನಲ್ಲಿ ವಾದ ಶುರುವಾಗುತ್ತದೆ. ಆದರೆ ಭಾನಾಮತಿ ಪ್ರಕರಣಗಳನ್ನು ವರ್ಷಗಟ್ಟಲೆ ಬಿಡಿಸಿದವರು ಮೊದಲು ಕೇಳುತ್ತಿದ್ದ ಪ್ರಶ್ನೆ ಬೇರೆ: ಈ ಮನೆಯಲ್ಲಿ ಕಷ್ಟದಲ್ಲಿರುವವರು ಯಾರು?

ಗಡಿಯಾಚೆಯ ಪಾಠ

ಔರಾದ್, ಭಾಲ್ಕಿ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿವೆ. ಆಚೆಗೆ ಲಾತೂರ್, ನಾಂದೇಡ್ ಜಿಲ್ಲೆಗಳು. ಭಾನಾಮತಿಯ ಭಯ ಅಲ್ಲಿಯೂ ಉಂಟು. ಸಾತಾರದ ವೈದ್ಯ ಡಾ. ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಇಂಥ ಅನೇಕ ಪ್ರಕರಣಗಳ ತನಿಖೆ ಮಾಡಿದೆ.

ಅವರ ಕ್ರಮ ಸರಳ. ಮನೆಯವರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸುವುದು. ಯಾವ ಹೊತ್ತಿಗೆ ಏನಾಯಿತು, ಆಗ ಯಾರು ಎಲ್ಲಿದ್ದರು ಎಂದು ಕೇಳುವುದು. ಹೀಗೆ ಕೇಳುತ್ತ ಹೋದರೆ ಕಲ್ಲಿನ ಹಿಂದೆ ಒಂದು ಮನುಷ್ಯನ ಕೈ ಇರುವುದು ಗೊತ್ತಾಗುತ್ತಿತ್ತು. ಎಷ್ಟೋ ಸಲ ಅದು ಅದೇ ಮನೆಯ, ಯಾರಿಗೂ ಹೇಳಿಕೊಳ್ಳಲಾಗದ ಸಂಕಟದಲ್ಲಿದ್ದವರ ಕೈ. ಆ ಹೆಸರನ್ನು ಅವರು ಊರ ಮುಂದೆ ಹೇಳುತ್ತಿರಲಿಲ್ಲ. ಗುಟ್ಟು ಕಾಯುವ ಮಾತು ಕೊಟ್ಟು, ಆ ವ್ಯಕ್ತಿಯ ತೊಂದರೆಗೆ ದಾರಿ ಹುಡುಕುತ್ತಿದ್ದರು. ಹೆಸರು ಬಯಲಾದರೆ ಕಲ್ಲು ನಿಲ್ಲಬಹುದು, ಆ ವ್ಯಕ್ತಿಯ ಬದುಕು ಮಾತ್ರ ಹಾಳಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಅವರಿಗಿಂತ ಮೊದಲು, ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಸಸ್ಯಶಾಸ್ತ್ರ ಕಲಿಸಿದ ಅಬ್ರಹಾಂ ಕೋವೂರ್ (1898–1978) ಕೂಡ ದೆವ್ವದ ಮನೆಗಳಿಗೆ ಹೋಗಿ ಮನೆಯವರ ಮನಸ್ಸಿನಲ್ಲಿರುವುದನ್ನು ಕೇಳುತ್ತಿದ್ದರು.

ಕಪ್ಪು ಗುರುತು ಎಲ್ಲಿಂದ ಬರುತ್ತದೆ?

ಭಾನಾಮತಿಯ ಗುರುತು ಎನ್ನುವ ಕಪ್ಪು ಕಲೆಗಳಿಗೆ ಹಲವು ಸಲ ಕಾರಣ ಕೇರು ಬೀಜ. ಮರಾಠಿಯಲ್ಲಿ ಇದು ಬಿಬ್ಬಾ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಬೀಜ ಇದೇ. ಇದರ ಎಣ್ಣೆ ತಾಗಿದರೆ ಬಟ್ಟೆಯ ಮೇಲೆ ಅಳಿಸಲಾಗದ ಕಪ್ಪು ಕಲೆ ಉಳಿಯುತ್ತದೆ, ಚರ್ಮ ಸುಟ್ಟಂತಾಗಿ ಬೊಬ್ಬೆ ಏಳುತ್ತದೆ. ಹೀಗಾದಾಗ ಮಂತ್ರದವರ ಬಳಿಗಲ್ಲ, ಚರ್ಮದ ವೈದ್ಯರ ಬಳಿಗೆ ಹೋಗಬೇಕು.

ಬೊಗಳುವುದು ನಾಟಕವೇ?

ಅಲ್ಲ. ಕಲ್ಲು ಎಸೆಯುವುದು ಬೇರೆ, ಮೈಮೇಲೆ ಬರುವುದು ಬೇರೆ. ತಡೆಯಲಾಗದ ಒತ್ತಡದಲ್ಲಿ ಮನಸ್ಸು ಕೆಲಹೊತ್ತು ತನ್ನ ಗುರುತಿನಿಂದಲೇ ಕಳಚಿಕೊಳ್ಳಬಹುದು. ದನಿ ಬದಲಾಗುತ್ತದೆ, ಬೇರೆಯವರಂತೆ ಮಾತು ಬರುತ್ತದೆ, ಆಮೇಲೆ ಏನಾಯಿತೆಂದು ನೆನಪಿರುವುದಿಲ್ಲ. ಆ ವ್ಯಕ್ತಿ ಬೇಕೆಂದು ಮಾಡುವುದಲ್ಲ ಇದು. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಮೈಮೇಲೆ ಬರುವ ಸ್ಥಿತಿಯನ್ನು ಅಧ್ಯಯನ ಮಾಡಿ, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬಹಳಷ್ಟು ಬರೆದಿದ್ದಾರೆ.

ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆ ‘ದೆವ್ವ’ವಾಗಿ ಮಾತಾಡಿದಾಗ ಅತ್ತೆ, ಮಾವ, ಗಂಡ ಎಲ್ಲರೂ ಕೂತು ಕೇಳುತ್ತಾರೆ. ಅವಳ ಮಾತಿಗೆ ಅಲ್ಲಿಯವರೆಗೆ ಸಿಗದಿದ್ದ ಬೆಲೆ ಆಗ ಸಿಗುತ್ತದೆ. ಒಬ್ಬಳನ್ನು ನೋಡಿ ಭಯಗೊಂಡ ಇನ್ನೊಬ್ಬಳಲ್ಲೂ ಅದೇ ಲಕ್ಷಣ ಕಾಣಿಸಬಹುದು. ಹೀಗೆ ಓಣಿಗೇ ಹಬ್ಬುವುದನ್ನು ವೈದ್ಯರು ಸಾಮೂಹಿಕ ಸನ್ನಿ ಎನ್ನುತ್ತಾರೆ.

ಹಾಗಂತ ಎಲ್ಲವನ್ನೂ ಒತ್ತಡವೆಂದು ತಳ್ಳಿಹಾಕಬೇಡಿ. ಮೂರ್ಛೆರೋಗ, ಮಿದುಳಿನ ಸೋಂಕು, ಹೆರಿಗೆಯ ನಂತರದ ಮಾನಸಿಕ ಕಾಯಿಲೆಯಲ್ಲೂ ವರ್ತನೆ ಹೀಗೆಯೇ ಬದಲಾಗಬಹುದು. ಅದಕ್ಕೇ ವೈದ್ಯರ ಪರೀಕ್ಷೆ ಮೊದಲು ಆಗಬೇಕು.

ವಿಡಿಯೊದಿಂದ ಆಗುವ ಅಪಾಯ

ಭಾನಾಮತಿ ಎಂದೊಡನೆ ‘ಮಾಡಿಸಿದವರು ಯಾರು’ ಎಂಬ ಹುಡುಕಾಟ ಶುರುವಾಗುತ್ತದೆ. ಬೆರಳು ತೋರಿಸುವುದು ಬಹುಪಾಲು ಬಡವರ, ಒಂಟಿ ಮುದುಕಿಯರ ಕಡೆಗೆ. ಪಕ್ಕದ ತೆಲಂಗಾಣದ ಮೇದಕ್ ಭಾಗದಲ್ಲಿ ಮಾಟ ಮಾಡಿದರೆಂಬ ಅನುಮಾನದಿಂದ ಹಲ್ಲು ಕಿತ್ತ, ಪ್ರಾಣ ತೆಗೆದ ಘಟನೆಗಳು ವರದಿಯಾಗಿವೆ. ಇತ್ತ ಬೊಗಳಿದ ಹುಡುಗಿ ಮರುದಿನ ಸರಿಹೋದರೂ ಅವಳ ವಿಡಿಯೊ ಮೊಬೈಲುಗಳಲ್ಲಿ ಉಳಿಯುತ್ತದೆ. ಅವಳು ಶಾಲೆಗೆ ಹೋಗಬೇಕು, ಮದುವೆಯಾಗಬೇಕು, ಅದೇ ಓಣಿಯಲ್ಲಿ ಬದುಕಬೇಕು.

ಕಾನೂನು ಏನು ಹೇಳುತ್ತದೆ?

ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕರ್ನಾಟಕದ ಕಾಯ್ದೆ 2017ರಲ್ಲಿ ರೂಪುಗೊಂಡು, 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ, ಸರಪಳಿಯಿಂದ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಈಗ ಅಪರಾಧ. ಶಿಕ್ಷೆ 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ದೇವರ ಪೂಜೆ, ಪ್ರದಕ್ಷಿಣೆ, ಯಾತ್ರೆಗೆ ಈ ಕಾಯ್ದೆ ಅಡ್ಡಿಯಲ್ಲ. ಗುಡಿಗೋ ದರ್ಗಾಕ್ಕೋ ಹೋಗುವುದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಹೋಗಲಿ, ಆದರೆ ಆಸ್ಪತ್ರೆಗೆ ಹೋಗುವುದು ತಪ್ಪಬಾರದು.

ನೀವು ಏನು ಮಾಡಬಹುದು?

• ಮೈಮೇಲೆ ಬಂದವರ ಸುತ್ತ ಸೇರಿದ ಜನರನ್ನು ದೂರ ಕಳಿಸಿ. ‘ನೀ ಯಾರು, ಯಾಕ ಬಂದಿ’ ಎಂದು ದೆವ್ವವನ್ನು ಪ್ರಶ್ನಿಸಬೇಡಿ. ಹೆಸರು ಹಿಡಿದು ಮೆಲ್ಲಗೆ ಮಾತಾಡಿಸಿ.

• ಸುಧಾರಿಸಿಕೊಂಡ ಮೇಲೆ, ನಂಬಿಕೆಯ ಒಬ್ಬರು ಒಬ್ಬರೇ ಕೂತು ಕೇಳಲಿ: ಏನು ತೊಂದರೆ? ಹೊಡೆತ, ಕುಡಿತ, ಓದು ಬಿಡಿಸುವುದು, ಇಷ್ಟವಿಲ್ಲದ ಮದುವೆ, ಹೀಗೆ ಏನಾದರೂ ಇರಬಹುದು. ಕೇಳಿದ್ದನ್ನು ಊರಿಗೆ ಹೇಳಬೇಡಿ.

• ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಹಿಳೆಯರ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ 181ಕ್ಕೆ ಕರೆ ಮಾಡಿ.

• ಬೀದರಿನವರು ಬ್ರಿಮ್ಸ್ ಆಸ್ಪತ್ರೆಗೆ ಹೋಗಬಹುದು. ಭಾಲ್ಕಿ, ಔರಾದಿನವರು ಮನೋವೈದ್ಯರು ಯಾವ ದಿನ ಬರುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

• ಯಾರನ್ನಾದರೂ ಕಟ್ಟಿಹಾಕಿದ್ದರೆ ಅಥವಾ ‘ಮಾಟ ಮಾಡಿದವಳು’ ಎಂದು ಜನ ಸುತ್ತುವರಿದಿದ್ದರೆ ಕೂಡಲೇ 112ಕ್ಕೆ ಕರೆ ಮಾಡಿ.

• ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಅಳಿಸಲು ಹೇಳಿ, ಅದರ ಬದಲು 14416 ಸಂಖ್ಯೆಯನ್ನು ಹಂಚಿ.