ಗ್ರ್ಯಾನ್‌ಸ್ಲಾಮ್ ಇಲ್ಲದ ಅಗ್ರಪಟ್ಟ

ಬೆಲ್ಜಿಯಂನ ಜಸ್ಟಿನ್ ಹೆನಿನ್ 2008ರ ಮೇ 14ರಂದು, 25ರ ಹರೆಯದಲ್ಲೇ ಟೆನಿಸ್‌ಗೆ ವಿದಾಯ ಹೇಳಿದಾಗ ವಿಶ್ವದ ಅಗ್ರ ಕ್ರಮಾಂಕ ಅವರದೇ ಆಗಿತ್ತು. ಬಳಿಕ ಅದು ಶರಪೋವಾ, ಇವಾನೊವಿಚ್, ಯಾಂಕೊವಿಚ್, ಸೆರೆನಾ ವಿಲಿಯಮ್ಸ್ ಅವರ ನಡುವೆ ಕೈಯಿಂದ ಕೈಗೆ ದಾಟಿತು. ಒಂದೇ ವರ್ಷದಲ್ಲಿ ಐವರು! ಆಗಸ್ಟ್‌ನಲ್ಲಿ ಯಾಂಕೊವಿಚ್ ಪಟ್ಟದಲ್ಲಿದ್ದುದು ಬರೀ ಒಂದು ವಾರ.

ಇದನ್ನು ಪೈಪೋಟಿಯ ಸಮೃದ್ಧಿ ಎಂದವರಿದ್ದಾರೆ. ನಿರ್ವಾತ ಎನ್ನುವುದೇ ಹೆಚ್ಚು ಸರಿ. ಆಸ್ಟ್ರೇಲಿಯನ್ ಓಪನ್ ಗೆದ್ದ ಶರಪೋವಾ ಭುಜದ ನೋವಿನಿಂದ ಋತುವಿನ ಉತ್ತರಾರ್ಧದಲ್ಲಿ ಕಣದಿಂದಲೇ ಹೊರಗುಳಿದರು. ಫ್ರೆಂಚ್ ಓಪನ್ ಚಾಂಪಿಯನ್ ಇವಾನೊವಿಚ್, ಅಗ್ರಶ್ರೇಯಾಂಕಿತೆಯಾಗಿಯೇ ಅಮೆರಿಕ ಓಪನ್‌ಗೆ ಬಂದು ಎರಡನೇ ಸುತ್ತಿನಲ್ಲಿ 188ನೇ ಕ್ರಮಾಂಕದ ಜೂಲಿ ಕ್ವಾನ್‌ಗೆ ಶರಣಾದರು.

ವಿಂಬಲ್ಡನ್ ವೀನಸ್ ಪಾಲಾಯಿತು, ಅಮೆರಿಕ ಓಪನ್ ಸೆರೆನಾ ಪಾಲಾಯಿತು. ಅಲ್ಲಿನ ಫೈನಲ್‌ನಲ್ಲಿ 6-4, 7-5ರಿಂದ ಸೋತ ಯಾಂಕೊವಿಚ್ ಅವರೇ ವರ್ಷಾಂತ್ಯದಲ್ಲಿ ನಂಬರ್ ಒನ್! 52 ವಾರಗಳ ಫಲಿತಾಂಶಗಳಿಂದ ಅಂಕ ಕೂಡಿಸುವ ಪದ್ಧತಿ ಎಡೆಬಿಡದ ದುಡಿಮೆಗೆ ಮಣೆ ಹಾಕುತ್ತದೆ. ಆದ್ದರಿಂದ ಆಟಗಾರ್ತಿಯನ್ನು ಹಂಗಿಸುವುದು ಅನ್ಯಾಯ. ಆದರೆ ಶ್ರೇಷ್ಠತೆಯ ಅಳತೆಗೋಲಾಗಿ ಆ ಪಟ್ಟಿ ಸೋತಿತು. ಎಚ್ಚರಿಕೆ ಸಾಲಲಿಲ್ಲ: 2009ರ ಏಪ್ರಿಲ್‌ನಲ್ಲಿ ಅಗ್ರಸ್ಥಾನಕ್ಕೇರಿದ ದಿನಾರಾ ಸಫಿನಾ ಅವರ ಬಳಿಯೂ ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಇರಲಿಲ್ಲ.