240 ಕುದುರೆ ಎಣಿಸುವುದು ಹೇಗೆ?

ಚೆನ್ನೈ ಕನ್ನಡಿಗರಲ್ಲಿ ಹಲವರಿಗೆ ಕಾಸಿಮೇಡು ಅಂದರೆ ಭಾನುವಾರದ ಮೀನು, ಅಷ್ಟೆ. ಏಪ್ರಿಲ್ 15ರಿಂದ ಜೂನ್ 14ರವರೆಗೆ, ಟ್ರಾಲಿಂಗ್ ನಿಷೇಧದ 61 ದಿನಗಳಲ್ಲಿ ಒಮ್ಮೆ ಹೋಗಿ ನೋಡಿ. ಬೋಟುಗಳು ದಡದಲ್ಲಿ, ಎಂಜಿನ್‌ಗಳು ಬಿಚ್ಚಿದ ಸ್ಥಿತಿಯಲ್ಲಿ. ಮಲ್ಪೆ ಕಡೆಯವರಿಗೆ ಇದು ಜೂನ್-ಜುಲೈ ತಿಂಗಳ ದೃಶ್ಯ.

ತಮಿಳುನಾಡು 2020ರಲ್ಲಿ ಮೀನುಗಾರಿಕೆ ನಿಯಮ ತಿದ್ದಿ, ಬೋಟಿನ ಎಂಜಿನ್ 240 ಅಶ್ವಶಕ್ತಿ ಮೀರಬಾರದು ಎಂದಿತು. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ದೊಡ್ಡ ಎಂಜಿನ್ ದೊಡ್ಡ ಬಲೆ ಎಳೆಯುತ್ತದೆ, ಹಿಂದೆ ಬರುವ ಸಣ್ಣ ಫೈಬರ್ ದೋಣಿಯವನಿಗೆ ಬರೀ ನೀರು. ಚೀನಾ ಎಂಜಿನ್ ಬೇಕು, ಬೇಡ ಎಂದು ಕಾಸಿಮೇಡಿನಲ್ಲೇ ಬಣಗಳಾಗಿದ್ದು ಸುಮ್ಮನೆ ಅಲ್ಲ.

ನನ್ನ ಆಕ್ಷೇಪ ಅಳತೆಗೋಲಿನ ಬಗ್ಗೆ. ಎಂಜಿನ್ ಮೇಲಿನ ತಗಡು ಒಂದು ಸಂಖ್ಯೆ ಹೇಳುತ್ತದೆ. ಆದರೆ ಟರ್ಬೊ ಎಂದರೇನು? ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ, ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುವ ಉಪಾಯ. ಗಾಳಿ ಹೆಚ್ಚಿದರೆ ಡೀಸೆಲ್ಲೂ ಹೆಚ್ಚು ಉರಿಯುತ್ತದೆ. ಟರ್ಬೊ, ಪಂಪು ಬದಲಿಸಿದರೆ ಶಕ್ತಿ ಏರುತ್ತದೆ, ತಗಡು ಹಾಗೇ ಇರುತ್ತದೆ. ಹಾಗಾದಾಗ ನಷ್ಟ, ಇದ್ದದ್ದನ್ನು ಇದ್ದಂತೆ ಬರೆಸಿದ ಮಾಲೀಕನಿಗೆ.

ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ರೇಸ್ ನೋಡಲು ಹೋಗುವ ನನಗೆ ಈ ಜಗಳ ಹಳೆಯ ಪರಿಚಯ. ಫಾರ್ಮುಲಾ ಒನ್ನಿನಲ್ಲಿ 1500 ಸಿಸಿ ಟರ್ಬೊವನ್ನು 3000 ಸಿಸಿಯ ಸಾದಾ ಎಂಜಿನ್ನಿಗೆ ಸಮ ಎಂದು ಎಣಿಸಿದ್ದರು. ಆ ಅಂದಾಜು ಕೈಕೊಟ್ಟಿತು, 1989ರಿಂದ ಟರ್ಬೊವನ್ನೇ ನಿಷೇಧಿಸಿದರು. ರ‍್ಯಾಲಿಯವರು ಬುದ್ಧಿವಂತರು: ಎಂಜಿನ್ ಬಿಟ್ಟು, ಗಾಳಿ ಹೋಗುವ ಗಂಟಲನ್ನೇ 34 ಮಿಲಿಮೀಟರಿಗೆ ಕಟ್ಟಿಹಾಕಿದರು. ಅದನ್ನೂ 1995ರಲ್ಲಿ ಟೊಯೊಟಾ ತಂಡ ಗುಟ್ಟಾಗಿ ಸಡಿಲಿಸಿ, ಸಿಕ್ಕಿಬಿದ್ದು, ಒಂದು ವರ್ಷ ಹೊರಗುಳಿಯಿತು. (ಕಳ್ಳತನವಾದರೂ ಕೆಲಸ ಅಚ್ಚುಕಟ್ಟು!)

ಬೋಟಿನ ವಿಷಯ ಇನ್ನೂ ಸರಳ. ಇಲ್ಲಿ ಮೀನಿಗೆ ಕುತ್ತಾಗುವುದು ವೇಗವಲ್ಲ, ಎಳೆಯುವ ಬಲ. ಟಗ್ ಬೋಟುಗಳನ್ನು ದಡದ ಗೂಟಕ್ಕೆ ಹಗ್ಗದಿಂದ ಕಟ್ಟಿ, ನಡುವೆ ಮಾಪಕ ಇಟ್ಟು, ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಟನ್ ಎಳೆಯುತ್ತವೆ ಎಂದು ಅಳೆಯುವ ಪದ್ಧತಿ ಬಂದರುಗಳಲ್ಲಿ ಮೊದಲಿಂದಲೂ ಇದೆ. ಟರ್ಬೊ ಇದೆಯೋ ಇಲ್ಲವೋ, ತಗಡು ಅಸಲಿಯೋ ನಕಲಿಯೋ, ಹಗ್ಗಕ್ಕೆ ಬೇಕಿಲ್ಲ. ಮಿತಿಯನ್ನು ಟನ್ನಿನಲ್ಲಿ ಹೇಳಲಿ. ನಿಷೇಧ ಮುಗಿದು ಬೋಟು ಮತ್ತೆ ನೀರಿಗಿಳಿಯುವಾಗ ಒಂದೊಂದನ್ನೇ ಗೂಟಕ್ಕೆ ಕಟ್ಟಿ ನೋಡಲಿ, ಅಕ್ಕಪಕ್ಕದ ಬೋಟಿನವರೆಲ್ಲ ನಿಂತು ಮಾಪಕ ಓದಲಿ.