ಮೂಕಪ್ರಾಣಿಯ ತುತ್ತು

ದಾಸೋಹಕ್ಕೆ ಮನುಷ್ಯರೆಂಬ ಮಿತಿಯಿಲ್ಲ. ಬಾಗಿಲು ಕಾಯುವ ನಾಯಿಗೂ ಒಲೆಯ ಬಳಿ ಮಲಗುವ ಬೆಕ್ಕಿಗೂ ಅದರಲ್ಲಿ ಪಾಲುಂಟು. ಹಬ್ಬದಂದು ಹೋಳಿಗೆಯ ತುಣುಕನ್ನು ಅವುಗಳ ಮುಂದಿರಿಸುವ ರೂಢಿಯೂ ನಮ್ಮಲ್ಲಿದೆ. ಆದರೆ ಆ ಪ್ರಾಣಿಗೆ ಮಧುಮೇಹವಿದ್ದರೆ ಪ್ರೀತಿಯಿಂದಿಟ್ಟ ತುತ್ತೇ ಕೇಡಾದೀತು.

ಈ ರೋಗದ ವಿಷಯದಲ್ಲಿ ಮನುಕುಲವು ನಾಯಿಗೆ ಋಣಿಯಾಗಿದೆ. 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಉಂಟಾಯಿತು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಆ ಗ್ರಂಥಿಯ ಸಾರದಿಂದ ರೋಗಿಷ್ಠ ನಾಯಿಯ ರಕ್ತದ ಸಕ್ಕರೆಯನ್ನು ಇಳಿಸಿದರು. ಇಂದು ನಮ್ಮ ಹಿರಿಯರ ಪ್ರಾಣ ಉಳಿಸುತ್ತಿರುವ ಇನ್ಸುಲಿನ್ ದೊರೆತುದು ಹೀಗೆ.

ಶರ್ಕರಪಿಷ್ಟಗಳೆಲ್ಲವೂ ಒಂದೇ ಬಗೆಯವಲ್ಲ. ಸಕ್ಕರೆಯಂತೆ ಬೆಲ್ಲವೂ ಬೇಗನೆ ರಕ್ತವನ್ನು ಸೇರುತ್ತದೆ. ಅದರ ಬಹುಭಾಗ ಸಕ್ಕರೆಯೇ. ಧಾನ್ಯಗಳಲ್ಲಿಯೂ ಭೇದವುಂಟು. 2008ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಆರೋಗ್ಯವಂತ ನಾಯಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅಕ್ಕಿ, ಮರಗೆಣಸು, ಮೆಕ್ಕೆಜೋಳಗಳ ಆಹಾರದಿಂದ ರಕ್ತದ ಸಕ್ಕರೆ ಬೇಗನೆ ಏರಿತು; ಜೋಳ, ಬಟಾಣಿ, ಮಸೂರಗಳಿಂದ ನಿಧಾನವಾಗಿ ಏರಿತು. ರೊಟ್ಟಿಯ ನಾಡಿನವರಾದ ನಮಗೆ ಇದು ಸಂತೋಷದ ಸಂಗತಿ. ಆದರೂ ಜೋಳವು ಔಷಧಿಯಲ್ಲ. ಮಧುಮೇಹ ತಗುಲಿದ ನಾಯಿಗೆ ಸಾಮಾನ್ಯವಾಗಿ ಜೀವಮಾನವಿಡೀ ಇನ್ಸುಲಿನ್ ಬೇಕು.

ಬೆಕ್ಕಿನ ಪ್ರಕೃತಿಯೇ ಬೇರೆ. ಅದು ಹುಟ್ಟಿನಿಂದಲೇ ಮಾಂಸಾಹಾರಿ. ಪಿಷ್ಟವನ್ನು ನಿಭಾಯಿಸುವ ಶಕ್ತಿ ಅದಕ್ಕೆ ಅಲ್ಪ. ಇನ್ಸುಲಿನ್ ಕೊಡುತ್ತ ಪಿಷ್ಟವನ್ನು ಕಡಿಮೆ ಮಾಡಿದಾಗ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುವುದುಂಟು. ಶಾಕಾಹಾರದ ವ್ರತ ನಮ್ಮದು. ಅದನ್ನು ಬೆಕ್ಕಿನ ಮೇಲೆ ಹೇರಿ ಹಾಲನ್ನದಲ್ಲೇ ಸಾಕುವುದು ದಯೆಯೆನಿಸದು.

ಸಾಕುಪ್ರಾಣಿಯು ಅತಿಯಾಗಿ ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಉಂಡರೂ ಸೊರಗುತ್ತಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ರೋಗವಿದೆಯೆಂದು ತಿಳಿದ ಮೇಲೆ ದಿನವೂ ಒಂದೇ ವೇಳೆಗೆ, ಒಂದೇ ಅಳತೆಯ ಆಹಾರ ಕೊಡಬೇಕು. ಪಿಷ್ಟವನ್ನು ತಟ್ಟನೆ ಕಡಿಮೆ ಮಾಡಿ ಇನ್ಸುಲಿನ್ನನ್ನು ಮೊದಲಿನಷ್ಟೇ ಚುಚ್ಚಿದರೆ ಸಕ್ಕರೆ ತೀರ ಕುಸಿದು ಪ್ರಾಣಾಪಾಯ ಒದಗಬಹುದು. ಆದುದರಿಂದ ಆಹಾರ ಬದಲಿಸುವ ಮುನ್ನ ವೈದ್ಯರನ್ನು ಕೇಳುವುದು ಅಗತ್ಯ. ಪ್ರಾಣಿಯು ಊಟ ಬಿಟ್ಟ ದಿನ ಅವರನ್ನು ಕೇಳದೆ ಸೂಜಿ ಹಾಕಬಾರದು.

ಅನ್ನವನ್ನು ನೀಡುವಾಗ ಉಣ್ಣುವ ಜೀವದ ಪ್ರಕೃತಿಯನ್ನು ಅರಿಯುವುದೂ ದಾಸೋಹದ ಅಂಗವೆಂದು ನಾವು ಭಾವಿಸುತ್ತೇವೆ. ಹಬ್ಬದೂಟದ ನಡುವೆ ಸಿಹಿಯನ್ನೆತ್ತಿಕೊಂಡು ನಾಯಿಯ ಕಡೆಗೆ ಓಡುವ ಮಕ್ಕಳಿಗೆ ತಾಯಂದಿರು ಇದನ್ನು ಮೆಲ್ಲಗೆ ತಿಳಿಸಿ ಹೇಳಲಿ.